ಕ್ಲೋಬೆಟಸಾಲ್ 0.05% ಮುಲಾಮು: ಮೂರು ವರ್ಷ ಹಚ್ಚಿಕೊಂಡವನ ಅನುಭವ

ಮೊಣಕೈ, ಮೊಣಕಾಲು ಹಾಗೂ ಬೆನ್ನಿನ ಮೇಲಿನ ಸೋರಿಯಾಸಿಸ್‌ಗೆ ಚರ್ಮವೈದ್ಯರು ಈ ಸ್ಟೀರಾಯ್ಡ್ ಮುಲಾಮನ್ನು ಬರೆದುಕೊಟ್ಟದ್ದು ಎರಡು ವಾರಗಳಿಗೆ ಮಾತ್ರ. ನಾನು ಹಚ್ಚಿಕೊಂಡದ್ದು ಮೂರು ವರ್ಷ.

ಔಷಧಿಯ ಗುಣದ ಬಗ್ಗೆ ನನಗೆ ತಕರಾರಿಲ್ಲ. ನಾಲ್ಕೇ ದಿನಗಳಲ್ಲಿ ತುರಿಕೆ ನಿಂತು, ಹೊಟ್ಟಿನಂತೆ ಉದುರುತ್ತಿದ್ದ ಚರ್ಮ ನುಣುಪಾಯಿತು. ಎಷ್ಟೋ ವರ್ಷಗಳ ಮೇಲೆ ಅರ್ಧ ತೋಳಿನ ಅಂಗಿ ತೊಟ್ಟೆ. ಬಿಟ್ಟರೆ ಮಚ್ಚೆಗಳು ಮರಳುತ್ತಿದ್ದವು, ಹಾಗಾಗಿ ಬಿಡಲಿಲ್ಲ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಈ ಔಷಧಿಯನ್ನು ಮೆಡಿಕಲ್ ಶಾಪಿನವರು ಹಳೆಯ ಟ್ಯೂಬ್ ತೋರಿಸಿದರೆ ಸಾಕು, ಕೊಟ್ಟುಬಿಡುತ್ತಿದ್ದರು. ಕೊನೆಕೊನೆಗೆ ವಾರಕ್ಕೆ 30 ಗ್ರಾಂನ ಎರಡು ಟ್ಯೂಬ್ ಖಾಲಿಯಾಗುತ್ತಿದ್ದವು. ಬೇಗ ಗುಣವಾಗಲೆಂದು ರಾತ್ರಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಳ್ಳುತ್ತಿದ್ದೆ. ವಾರಕ್ಕೆ 50 ಗ್ರಾಂ ಮೀರಬಾರದು, ಸತತವಾಗಿ ಎರಡು ವಾರ ದಾಟಬಾರದು, ವೈದ್ಯರು ಹೇಳದೆ ಮುಚ್ಚಿ ಕಟ್ಟಬಾರದು ಎಂಬ ಸೂಚನೆಗಳೆಲ್ಲ ಪೆಟ್ಟಿಗೆಯೊಳಗಿನ ಸಣ್ಣಕ್ಷರದ ಕಾಗದದಲ್ಲಿವೆ. ಅದನ್ನು ನಾನು ಬಿಡಿಸಿ ಓದಿದ್ದು ಆಸ್ಪತ್ರೆಯಿಂದ ಬಂದ ಮೇಲೆ.

ಎರಡನೆಯ ವರ್ಷ ಮುಖ ದುಂಡಗಾಯಿತು. ‘ಈಗ ಮೈಕೈ ತುಂಬಿಕೊಂಡಿದ್ದೀಯಪ್ಪ’ ಎಂದು ಸೋದರತ್ತೆ ಸಂತೋಷಪಟ್ಟರು, ನಾನೂ ಹಾಗೆಯೇ ನಂಬಿದೆ. ಹೊಟ್ಟೆ ಬೆಳೆಯಿತು, ತೊಡೆಗಳು ತೆಳ್ಳಗಾದವು, ತೊಡೆಸಂದಿನಲ್ಲಿ ನೇರಳೆ ಬಣ್ಣದ ಗೀರುಗಳು ಮೂಡಿದವು, ಹಿಂದೆಂದೂ ಇಲ್ಲದ ಸಕ್ಕರೆ ರಕ್ತ ಪರೀಕ್ಷೆಯಲ್ಲಿ ಕಾಣಿಸಿತು. ಚರ್ಮಕ್ಕೆ ಹಚ್ಚುವ ಮುಲಾಮಿಗೂ ಇವಕ್ಕೂ ಸಂಬಂಧವಿರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಊರಿನ ಜಾತ್ರೆಗೆ ಹೋದಾಗ ಟ್ಯೂಬ್ ಮರೆತೆ. ನಾಲ್ಕನೆಯ ದಿನ ವಾಂತಿ, ತಲೆಸುತ್ತು, ಎದ್ದು ನಿಲ್ಲಲಾಗದ ನಿಶ್ಶಕ್ತಿ, ರಕ್ತದೊತ್ತಡ ಇಳಿದಿತ್ತು. ಬೆಳಿಗ್ಗೆ 8 ಗಂಟೆಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ತೀರಾ ಕಡಿಮೆಯಿತ್ತು. ಹಾರ್ಮೋನು ತಜ್ಞರು ವಿವರಿಸಿದ್ದು ಹೀಗೆ: ಚರ್ಮದ ಮೂಲಕ ರಕ್ತಕ್ಕೆ ಸೇರಿದ ಸ್ಟೀರಾಯ್ಡ್ ಹೆಚ್ಚಾದಾಗ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಕಳಿಸುವ ಎಸಿಟಿಎಚ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ, ತಿಂಗಳುಗಟ್ಟಲೆ ಪ್ರಚೋದನೆಯಿಲ್ಲದ ಅಡ್ರಿನಲ್ ಗ್ರಂಥಿಗಳು ಸೊರಗಿ, ದೇಹಕ್ಕೆ ಅತ್ಯಗತ್ಯವಾದ ಕಾರ್ಟಿಸಾಲನ್ನು ತಾವೇ ತಯಾರಿಸಲಾರದ ಸ್ಥಿತಿಗೆ ಬರುತ್ತವೆ. ಈ ಮುಲಾಮು ದಿನಕ್ಕೆ 2 ಗ್ರಾಂನಷ್ಟು ಅಲ್ಪ ಪ್ರಮಾಣದಲ್ಲಿಯೂ ಕೆಲವರಲ್ಲಿ ಆ ಗ್ರಂಥಿಗಳನ್ನು ಕುಗ್ಗಿಸಬಲ್ಲದು. ನಾನು ಹಚ್ಚುತ್ತಿದ್ದದ್ದು ದಿನಕ್ಕೆ 8 ಗ್ರಾಂಗಿಂತ ಹೆಚ್ಚು. ಅಂದರೆ ಮುಲಾಮು ನನ್ನ ಮುಖವನ್ನು ದುಂಡಗಾಗಿಸಿದ್ದೂ ನಿಜ, ಬಿಟ್ಟಾಗ ನನ್ನನ್ನು ಕೆಡವಿದ್ದೂ ನಿಜ. ಹೀಗೆ ಬಹುಕಾಲ ಹಚ್ಚಿದವರು ಹೆದರಿ ಒಮ್ಮೆಲೇ ನಿಲ್ಲಿಸದೆ, ಮೊದಲು ವೈದ್ಯರನ್ನು ಕಾಣಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕಾರ್ಟಿಸಾಲಿನ ಕೊರತೆ ತುಂಬಲು ಕೊಟ್ಟ ಹೈಡ್ರೊಕಾರ್ಟಿಸೋನ್ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಾ ಬಿಡಲು ನನಗೆ ಎಂಟು ತಿಂಗಳು ಹಿಡಿಯಿತು. ಮುಖ ಮೊದಲಿನಂತಾಗಿದೆ, ಸಕ್ಕರೆ ಹತೋಟಿಗೆ ಬಂದಿದೆ. ಗೀರುಗಳು ಬಣ್ಣ ಕಳೆದುಕೊಂಡರೂ ಉಳಿದಿವೆ. ಸೋರಿಯಾಸಿಸ್‌ಗೆ ಈಗ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು ಮತ್ತು ಆಸ್ಪತ್ರೆಯಲ್ಲಿ ಕೊಡುವ ಬೆಳಕಿನ ಚಿಕಿತ್ಸೆ ನಡೆಯುತ್ತಿವೆ. ನಿಧಾನ, ಆದರೆ ಸಹಿಸಬಹುದು.

ಕಳೆದ ತಿಂಗಳು ಪಕ್ಕದ ಮನೆಯವರು, ಕೂಸಿನ ಡೈಪರ್ ಜಾಗ ಕೆಂಪಾಗಿದೆಯೆಂದು, ನನ್ನ ಬಳಿ ಉಳಿದಿದ್ದ ಟ್ಯೂಬ್ ಕೇಳಿದರು. 12 ವರ್ಷದೊಳಗಿನ ಮಕ್ಕಳಿಗೆ ಇದು ಸಲ್ಲದು, ತೂಕಕ್ಕೆ ಹೋಲಿಸಿದರೆ ಎಳೆಯ ಮಕ್ಕಳ ಚರ್ಮದ ವಿಸ್ತಾರ ಹೆಚ್ಚು, ಡೈಪರ್ ನಾನು ಸುತ್ತಿಕೊಳ್ಳುತ್ತಿದ್ದ ಪ್ಲಾಸ್ಟಿಕ್ಕಿನಂತೆಯೇ ಔಷಧಿಯನ್ನು ಒಳಕ್ಕೆ ತಳ್ಳುತ್ತದೆ ಎಂದು ತಿಳಿಸಿ, ಆ ಸಂಜೆಯೇ ಅವರನ್ನು ಮಕ್ಕಳ ವೈದ್ಯರ ಬಳಿ ಕರೆದುಕೊಂಡು ಹೋದೆ.