ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಮೂಗಿನ ಸ್ಪ್ರೇ: ಮದ್ದು ಗಟ್ಟಿ, ಬಾಟಲಿಯದೇ ತೊಡಕು

ಅಪಸ್ಮಾರದ ಮಗುವಿರುವ ಮನೆಯಲ್ಲಿ ಕೈಗೆಟುಕುವಂತೆ ಇಡಬೇಕಾದ ಮದ್ದು ಯಾವುದೆಂದು ಕೇಳಿದರೆ, ಈ ಸ್ಪ್ರೇಯನ್ನೇ ಮೊದಲು ಹೇಳುತ್ತೇವೆ. ಆದರೆ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ, ಹಲವು ಸಲ ಒತ್ತುವ ಪಂಪ್ ಬಾಟಲಿಯನ್ನು ತಂದು ಹಾಗೇ ಬೀರುವಿನಲ್ಲಿಟ್ಟರೆ ಬೇಕಾದ ಹೊತ್ತಿಗೆ ಅದು ಉಪಯೋಗಕ್ಕೆ ಬಾರದಿರಬಹುದು.

ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತವೆ. ಮೈಯೆಲ್ಲ ಅದುರುವ ಫಿಟ್ಸ್ ಐದು ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಾಧ್ಯತೆ ಕುಗ್ಗುತ್ತದೆ. ಅರ್ಧ ಗಂಟೆ ದಾಟಿದರೆ ಮಿದುಳಿಗೆ ಶಾಶ್ವತ ಹಾನಿಯ ಭಯವಿದೆ. ಅಷ್ಟರೊಳಗೆ ಆಸ್ಪತ್ರೆ ತಲುಪಲಾಗದ ಊರುಗಳೂ ಇವೆ. ಈ ಸ್ಪ್ರೇಯ ಬೆಲೆ ಇರುವುದು ಅಲ್ಲೇ. ಮೊದಲೆಲ್ಲ ಗುದದ್ವಾರದ ಮೂಲಕ ಡಯಾಜೆಪಾಮ್ ಕೊಡುತ್ತಿದ್ದರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆನ್ನೆಯೊಳಗೆ ಹಾಕಿದ ಮಿಡಜೋಲಾಮ್ ಶೇ. 56ರಷ್ಟು ಸಲ ಕೆಲಸ ಮಾಡಿದರೆ ಗುದದ ಡಯಾಜೆಪಾಮ್ ಶೇ. 27ರಷ್ಟು ಸಲ ಮಾತ್ರ. ಮೂಗಿನದೂ ಅದೇ ಮದ್ದು. ಶಾಲೆಯಲ್ಲೋ ಬಸ್ಸಿನಲ್ಲೋ ಬಟ್ಟೆ ಬಿಚ್ಚದೆ ಕೊಡಬಹುದು ಎಂಬುದೂ ಸಣ್ಣ ಲಾಭವಲ್ಲ.

ಈಗ ಬಾಟಲಿಯ ವಿಷಯ. ಒಂದು ಒತ್ತಿಗೆ 0.5 ಮಿ.ಗ್ರಾಂ. ಬರುವುದು, 1.25 ಮಿ.ಗ್ರಾಂ. ಬರುವುದು ಎಂದು ಎರಡು ಬಗೆಯಿವೆ. ವೈದ್ಯರು ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ 0.2 ಮಿ.ಗ್ರಾಂ.ನಂತೆ, ಗರಿಷ್ಠ 10 ಮಿ.ಗ್ರಾಂ.ವರೆಗೆ ಲೆಕ್ಕ ಹಾಕುತ್ತಾರೆ. 15 ಕಿಲೋ ಮಗುವಿಗೆ 3 ಮಿ.ಗ್ರಾಂ. ಅಂದರೆ 0.5ರ ಬಾಟಲಿಯಲ್ಲಿ ಆರು ಒತ್ತು, ಒಂದೊಂದು ಹೊಳ್ಳೆಗೆ ಮೂರು. ಮುಂದಿನ ಸಲ ಅಂಗಡಿಯವರು 1.25ರದ್ದು ಕೊಟ್ಟು, ಮನೆಯವರು ಹಳೆಯ ಅಭ್ಯಾಸದಲ್ಲಿ ಆರೇ ಸಲ ಒತ್ತಿದರೆ 7.5 ಮಿ.ಗ್ರಾಂ. ಹೋಗುತ್ತದೆ, ಎರಡೂವರೆ ಪಟ್ಟು. ಉಸಿರಾಟ ನಿಧಾನವಾಗುವುದು ಈ ಮದ್ದಿನ ನಿಜವಾದ ಅಪಾಯ. ಆದ್ದರಿಂದ ಬಾಟಲಿ ಬದಲಾದಾಗಲೆಲ್ಲ ಎಷ್ಟು ಒತ್ತು ಎಂದು ವೈದ್ಯರಿಂದಲೇ ಬರೆಸಿ, ಆ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬಾಟಲಿಗೇ ಅಂಟಿಸಿ. ಮಗು ಬೆಳೆದಂತೆ ಸಂಖ್ಯೆಯೂ ಬದಲಾಗಬೇಕು.

ದೊಡ್ಡವರಿಗೆ ಈ ಬಾಟಲಿ ಅಷ್ಟಾಗಿ ಒಗ್ಗುವುದಿಲ್ಲ. 50 ಕಿಲೋದವರಿಗೆ 0.5ರದ್ದಾದರೆ ಇಪ್ಪತ್ತು ಸಲ ಒತ್ತಬೇಕು, ಅದು ಆಗದ ಮಾತು. 1.25ರದ್ದಾದರೂ ಎಂಟು ಸಲ. ಇಂಥ ಪಂಪ್ ಒಂದು ಒತ್ತಿಗೆ ಸಾಮಾನ್ಯವಾಗಿ 0.1 ಮಿ.ಲೀ. ಆಸುಪಾಸು ದ್ರವ ಬಿಡುತ್ತದೆ. ಒಂದು ಹೊಳ್ಳೆಯ ಒಳಪದರ ಚೆನ್ನಾಗಿ ಹೀರುವುದು 0.1ರಿಂದ 0.2 ಮಿ.ಲೀ. ಮಿಕ್ಕಿದ್ದು ಗಂಟಲಿಗೆ ಇಳಿದು ತಡವಾಗಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 2019ರಲ್ಲಿ ಅನುಮತಿ ಪಡೆದ, ನೇಜಿಲಾಮ್ ಹೆಸರಿನ ಮಿಡಜೋಲಾಮ್ ಸ್ಪ್ರೇ 5 ಮಿ.ಗ್ರಾಂ. ಮದ್ದನ್ನು 0.1 ಮಿ.ಲೀ.ಯಲ್ಲೇ ತುಂಬಿ, ಒಂದೇ ಒತ್ತಿನಲ್ಲಿ ಕೊಡುತ್ತದೆ, ಎಣಿಸುವ ಗೋಜಿಲ್ಲ. ಇಲ್ಲಿನ ತಯಾರಕರು ಈ ದಾರಿ ಹಿಡಿಯಬೇಕೆಂಬುದು ನಮ್ಮ ಬಲವಾದ ಒತ್ತಾಯ.

ಪಂಪ್ ಕೈಕೊಡುವುದಕ್ಕೆ ಕಾರಣಗಳು ಸರಳ. ಹೊಸ ಬಾಟಲಿಯಲ್ಲಿ ಮೊದಲ ಕೆಲವು ಒತ್ತಿಗೆ ಗಾಳಿಯೇ ಬರುತ್ತದೆ. ತಂದ ದಿನವೇ, ಯಾರ ಮುಖಕ್ಕೂ ಹಿಡಿಯದೆ, ಸಣ್ಣ ತುಂತುರು ಬರುವವರೆಗೆ ಒತ್ತಿ ನೋಡಿ. ವಾರಗಟ್ಟಲೆ ಮುಟ್ಟದಿದ್ದರೆ ಬಳಸುವ ಮುನ್ನ ಮತ್ತೊಮ್ಮೆ ಗಾಳಿಗೆ ಒತ್ತಿ. ಬಾಟಲಿಯನ್ನು ಅಡ್ಡ ಅಥವಾ ತಲೆಕೆಳಗಾಗಿ ಹಿಡಿದರೆ ಒಳಗಿನ ಕೊಳವೆಗೆ ದ್ರವ ಸಿಗದೆ ಬರೀ ಸದ್ದು ಬರುತ್ತದೆ. ಹಾಗಾಗಿ ಮಗುವಿನ ತಲೆಯನ್ನು ತುಸು ಎತ್ತಿ, ಬಾಟಲಿಯನ್ನು ಆದಷ್ಟು ನೆಟ್ಟಗೆ ಇಟ್ಟು, ಮೂತಿಯನ್ನು ಹೊಳ್ಳೆಯೊಳಗಿಟ್ಟು ಪೂರ್ತಿ ಒತ್ತಬೇಕು. ಹೊಳ್ಳೆ ಬದಲಿಸುತ್ತಾ ಜೋರಾಗಿ ಎಣಿಸಿ. ಸಿಂಬಳವಿದ್ದರೆ ಮೊದಲು ಒರೆಸಿ. ಮೂಗು ಕಟ್ಟಿದ್ದರೆ ಮದ್ದು ಒಳಪದರಕ್ಕೆ ತಾಗುವುದೇ ಇಲ್ಲ.

ಶುರುವಾದ ಕೂಡಲೇ ಗಡಿಯಾರ ನೋಡಿ, ವೈದ್ಯರು ಬೇರೆ ಹೇಳದಿದ್ದರೆ ಐದು ನಿಮಿಷಕ್ಕೆ ಸ್ಪ್ರೇ ಹೊಡೆಯಿರಿ. ಆಮೇಲೆ ಒಂದು ಮಗ್ಗುಲಿಗೆ ಹೊರಳಿಸಿ, ಎದೆಯ ಏರಿಳಿತ ನೋಡುತ್ತಾ ಕೂರಬೇಕು. ಇನ್ನೈದು ನಿಮಿಷದಲ್ಲಿ ನಿಲ್ಲದಿದ್ದರೆ, ತುಟಿ ನೀಲಿಗಟ್ಟಿದರೆ, ಇಲ್ಲವೇ ಇದೇ ಮೊದಲ ಸಲ ಮದ್ದು ಹಾಕಿದ್ದರೆ 108ಕ್ಕೆ ಕರೆ ಮಾಡಿ. ಬಾಯಿಗೆ ನೀರು, ಚಮಚ ಏನೂ ಬೇಡ. ಕೈಗೆ ಬೀಗದ ಕೈ ಕೊಟ್ಟು ಕಾಲ ಕಳೆಯಬೇಡಿ. ಮಿಡಜೋಲಾಮ್ ನೀರಿನಲ್ಲಿ ಕರಗಲು ದ್ರಾವಣ ಆಮ್ಲೀಯವಾಗಿರಬೇಕು. ಮೂಗು ಉರಿಯುವುದು, ಕಣ್ಣಲ್ಲಿ ನೀರು ಬರುವುದು ಅದರಿಂದಲೇ, ಗಾಬರಿ ಬೇಡ. ನಂತರದ ಮಂಪರೂ ಸಹಜ.

ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು ಕಾಣುವ, ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್‌ಗೆ ಇದನ್ನು ಮುಂಚಿತವಾಗಿ ಹೊಡೆಯುವುದು ತಪ್ಪು. ಅದನ್ನು ವಿವರವಾಗಿ ಅಧ್ಯಯನ ಮಾಡಿದ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ತೋರಿಸಿಕೊಟ್ಟ ದಾರಿ ಬೇರೆ: ನೀರಿನ ಬಿಸಿ ತಗ್ಗಿಸುವುದು, ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ. ಅದೂ ವೈದ್ಯರ ಚೀಟಿಯ ಮೇಲೆಯೇ.

ಸ್ಪ್ರೇಗೂ ಚೀಟಿ ಕಡ್ಡಾಯ, ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಚೀಟಿಯ ಒಂದು ಪ್ರತಿಯನ್ನು ಬಾಟಲಿಯ ಡಬ್ಬಿಯಲ್ಲೇ ಇಡಿ. ಬಿಸಿಲು ಬೀಳದ ಕಡೆ ಇಟ್ಟು, ತೆರೆದ ದಿನಾಂಕ ಬರೆದು, ಅವಧಿ ಮುಗಿಯುವ ಮೊದಲೇ ಹೊಸದು ತನ್ನಿ; ಶಾಲೆಯ ಚೀಲಕ್ಕೆ ಇನ್ನೊಂದು ಬಾಟಲಿ, ಅದೇ ಶಕ್ತಿಯದು.