ಇಲ್ಲದ ಲೇಖನಕ್ಕೆ ಪುಟ ಸಂಖ್ಯೆ ಕೊಟ್ಟಿದ್ದೆ: ಸಂಶೋಧನೆ ಮಾಡುವವರು ಓದಿ

ಪಿಎಚ್‌ಡಿ ಮಾಡುತ್ತಿರುವವರು, ಎಂ.ಎ. ಪ್ರಬಂಧ ಬರೆಯುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನಿಮ್ಮ ಆಧಾರ ಗ್ರಂಥಗಳ ಪಟ್ಟಿಯನ್ನು ಎಐ ಆ್ಯಪ್ ಕೈಯಲ್ಲಿ ತುಂಬಿಸಬೇಡಿ.

ನಾನಿರುವುದು ಕಲಬುರಗಿಯಲ್ಲಿ. ಬೀದರಿನ ಕರೇಜ್ ಬಗ್ಗೆ, ಅಂದರೆ ಬಹಮನಿ ಕಾಲದ ಸುರಂಗ ಬಾವಿಗಳ ಬಗ್ಗೆ ಲೇಖನ ಬರೆಯುತ್ತಿದ್ದೆ. ಓದುವುದನ್ನು ನಿಜವಾಗಿಯೂ ಓದಿದ್ದೆ. ಆದರೆ ನೋಟ್ಸ್‌ನಲ್ಲಿ ಪುಟ ಸಂಖ್ಯೆ ಬರೆದುಕೊಂಡಿರಲಿಲ್ಲ. ಫೋನಿನಲ್ಲಿ ಒಳಪುಟಗಳ ಫೋಟೊ ರಾಶಿ ಇದ್ದವು, ಯಾವ ಪುಸ್ತಕದ್ದು ಅಂತ ಹೇಳುವ ಮೊದಲ ಪುಟದ ಫೋಟೊ ಒಂದೂ ಇರಲಿಲ್ಲ. ಕೊನೇ ದಿನಾಂಕಕ್ಕೆ ಎರಡೇ ದಿನ ಉಳಿದಿತ್ತು. ಒಂದು ಆ್ಯಪ್‌ಗೆ ನೆನಪಿದ್ದಷ್ಟು ಹೇಳಿ ಎಪಿಎ ಅನ್ನುವ ಉಲ್ಲೇಖ ಶೈಲಿಯಲ್ಲಿ ಪಟ್ಟಿ ಕೇಳಿದೆ. 31 ಉಲ್ಲೇಖ ಬಂದವು. ಸಂಪುಟ, ಸಂಚಿಕೆ, ಪುಟ, ಡಿಒಐ (ಆನ್‌ಲೈನ್‌ನಲ್ಲಿ ಲೇಖನವನ್ನು ಗುರುತಿಸುವ ಸಂಖ್ಯೆ) ಎಲ್ಲಾ ಅಚ್ಚುಕಟ್ಟಾಗಿದ್ದವು. ಹಾಗೇ ಕಳಿಸಿಬಿಟ್ಟೆ.

ಮೂರು ವಾರದ ನಂತರ ಗೈಡ್ ಸರ್ ಕರೆಸಿದರು. ಪಟ್ಟಿಯ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಗುಲಾಂ ಯಜ್ದಾನಿ ಅವರ ಲೇಖನ, 1971.

"ತಂಗಿ, ಇದನ್ನ ನೀ ಕಣ್ಣಾರೆ ನೋಡಿಯೇನು?"

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಬೀದರಿನ ಇತಿಹಾಸ, ಸ್ಮಾರಕಗಳ ಬಗ್ಗೆ ಯಜ್ದಾನಿ ಬರೆದ ದೊಡ್ಡ ಪುಸ್ತಕ ಬಂದದ್ದು 1947ರಲ್ಲಿ. ಅವರು ತೀರಿಕೊಂಡದ್ದು 1962ರಲ್ಲಿ. ಆ 1971ರ ಲೇಖನ ಎಲ್ಲೂ ಇಲ್ಲ.

ಅವತ್ತು ರಾತ್ರಿ ಒಂದೊಂದೇ ಡಿಒಐಯನ್ನು ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿ ನೋಡಿದೆ. ಕೆಲವು ತೆರೆಯಲೇ ಇಲ್ಲ. ಒಂದರಲ್ಲಿ ಮೂತ್ರಪಿಂಡದ ಕಾಯಿಲೆಯ ಲೇಖನ ಬಂತು. 31ರಲ್ಲಿ ಒಂಬತ್ತು ತಪ್ಪು. ಇಂಥ ಆ್ಯಪ್ ಹುಡುಕದೇ ಉತ್ತರ ಕೊಟ್ಟಾಗ ಉಲ್ಲೇಖದಂತೆ ಕಾಣುವ ಪದಗಳನ್ನು ಹೊಂದಿಸುತ್ತದೆ ಅಷ್ಟೇ. ಅದಕ್ಕೇ ನಿಜವಾದ ಲೇಖಕರ ಹೆಸರಿನ ಪಕ್ಕದಲ್ಲಿ ಇಲ್ಲದ ಲೇಖನ ಬಂದು ಕೂತಿರುತ್ತದೆ. ಪೂರ್ತಿ ಸುಳ್ಳಾಗಿದ್ದರೆ ನಾನೇ ಹಿಡಿಯುತ್ತಿದ್ದೆನೇನೋ.

ಇನ್ನೊಂದು ತಪ್ಪು ಸಣ್ಣದು, ಆದರೆ ನಮ್ಮ ಕಡೆಯವರಿಗೆ ಜಾಸ್ತಿ ಆಗುವಂಥದ್ದು. ಹಳೆಯ ಪುಸ್ತಕದಲ್ಲಿ 'ಗುಲಬರ್ಗಾ' ಅಂತ ಅಚ್ಚಾಗಿದ್ದನ್ನು ಆ್ಯಪ್ 'ಕಲಬುರಗಿ' ಮಾಡಿತ್ತು. ಸರ್ಕಾರ ಊರಿನ ಹೆಸರು ಬದಲಿಸಿದ್ದು 2014ರಲ್ಲಿ. ಅದಕ್ಕೂ ಮುಂಚಿನ ಪುಸ್ತಕದ ಮೇಲೆ ಏನಿದೆಯೋ ಅದನ್ನೇ ಬರೆಯಬೇಕು, ಅಲ್ವಾ?

ಲೇಖನ ವಾಪಸ್ ಬಂತು. ಜೊತೆಗೆ ಬರೆದಿದ್ದ ನನ್ನ ಜೂನಿಯರ್ ಹುಡುಗಿಯ ಹೆಸರೂ ನನ್ನಿಂದಾಗಿ ಕೆಟ್ಟಿತು. ಅವಳ ತಪ್ಪು ಏನೂ ಇರಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಈಗ ಪುಸ್ತಕ ಕೈಗೆ ಬಂದ ಕೂಡಲೇ ಹೆಸರಿರುವ ಪುಟ, ಅದರ ಹಿಂಬದಿಯ ಪುಟ ಎರಡರ ಫೋಟೊ ತೆಗೆಯುತ್ತೇನೆ. ಆಮೇಲೇ ಒಳಗಿನದು. ಪುಟ ಸಂಖ್ಯೆಯನ್ನು ಟಿಪ್ಪಣಿಯ ಮೊದಲಿಗೇ ಬರೆಯುತ್ತೇನೆ. ಝೊಟೆರೊ ಅನ್ನುವ ಸಾಫ್ಟ್‌ವೇರ್ ಉಚಿತ, ಪಟ್ಟಿ ಜೋಡಿಸಲು ಅದು ಸಾಕು. ಆದರೆ ಅದು ತಂದುಕೊಟ್ಟ ಮಾಹಿತಿಯನ್ನೂ ಪುಸ್ತಕದ ಜೊತೆ ಇಟ್ಟು ನೋಡಿ.

ಆ ಒಂಬತ್ತರಲ್ಲಿ ಐದಕ್ಕೆ ಸರಿಯಾದ ಮೂಲ ಗ್ರಂಥಾಲಯದಲ್ಲಿ ಸಿಕ್ಕಿತು. ಉಳಿದ ನಾಲ್ಕು ಸಿಗಲೇ ಇಲ್ಲ. ಅವನ್ನು ನಂಬಿ ಬರೆದಿದ್ದ ಎರಡು ಪುಟ ತೆಗೆದುಹಾಕಿದ್ದೇನೆ.