ತಲಶ್ಶೇರಿ ಕೋಳಿಯೋ, ಗಿರಿರಾಜವೋ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ತೋಟದ ಮನೆಗೆ ಮೊಟ್ಟೆಯೂ ಬೇಕು, ಮಾಂಸವೂ ಬೇಕು ಅಂತಾದರೆ ನಾನು ಈ ಎರಡನ್ನೇ ತೂಗಿ ನೋಡುತ್ತೇನೆ.

ಗಿರಿರಾಜ ಬೆಂಗಳೂರಿನಲ್ಲಿ ರೂಪಿಸಿದ ತಳಿ. ಬೇಗ ತೂಕ ಬರುತ್ತದೆ, ಮೊಟ್ಟೆಯೂ ಜಾಸ್ತಿ. ಆದರೆ ಕಾವಿಗೆ ಕೂರುವ ಜಾತಿ ಅಲ್ಲ. ಮನೆಯಲ್ಲೇ ಮರಿ ಮಾಡಿಸಿದರೂ ಅದೇ ಗುಣ ಉಳಿಯುವುದಿಲ್ಲ. ಪ್ರತಿ ಸಲ ದುಡ್ಡು ಕೊಟ್ಟು ಮರಿ ತರಬೇಕು.

ತಲಶ್ಶೇರಿ ಕೇರಳದ್ದೇ ನಾಟಿ. ಕಪ್ಪು ಗರಿ, ಬಿಸಿಲಿಗೆ ನೀಲಿ ಹೊಳಪು. ವರ್ಷಕ್ಕೆ 60–80 ಮೊಟ್ಟೆ, ಅಷ್ಟೇ. ಆದರೆ ಹೇಂಟೆ ಬುಟ್ಟಿಯಲ್ಲಿ 21 ದಿನ ಕೂತು ಎದ್ದಳೆಂದರೆ ಹಿಂದೆ ಮರಿಗಳ ಸಾಲು! ಗಿಡುಗನ ನೆರಳು ಕಂಡರೆ ಸಾಕು, ಅಡಿಕೆ ಬುಡದಲ್ಲೇ ಎಲ್ಲವನ್ನೂ ರೆಕ್ಕೆಯಡಿ ಎಳೆದುಕೊಳ್ಳುತ್ತಾಳೆ. ನನ್ನ ಓಟು ಇವಳಿಗೇ. 8 ಹೇಂಟೆಗೆ 1 ಹುಂಜ ಸಾಕು. ಹುಂಜನನ್ನು ಮಾತ್ರ ಆಗಾಗ ಬೇರೆ ಮನೆಯಿಂದ ತನ್ನಿ, ಒಂದೇ ರಕ್ತದಲ್ಲಿ ಮರಿಗಳು ಸೊರಗುತ್ತವೆ.